ಶಸ್ತ್ರಚಿಕಿತ್ಸೆ ಆಯಿತು, ಕೋಸಂಬರಿ ಯಾವಾಗ?

ಅಕ್ಕನಿಗೆ ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಾಗಿ ಆರನೇ ವಾರ ನಡೆಯುತ್ತಿತ್ತು. ಮನೆಯಲ್ಲಿ ಅಂದು ಮುದ್ದೆ, ಸೊಪ್ಪಿನ ಸಾರು. ‘ಮುದ್ದೆ ಮೆತ್ತಗೇ ಇರುತ್ತಲ್ಲ, ಒಂದು ಚೂರು ತಿಂದರೆ ಏನಾಗುತ್ತೆ’ ಎಂದು ಅಮ್ಮ ನಿಂಬೆಹಣ್ಣಿನಷ್ಟು ಉಂಡೆ ಮಾಡಿ ತಟ್ಟೆಗೆ ಇಟ್ಟರು. ಅಕ್ಕ ಅಭ್ಯಾಸಬಲದಿಂದ ಮುರಿದು, ಸಾರಲ್ಲಿ ಅದ್ದಿ ನುಂಗಿಬಿಟ್ಟಳು. ಮರುಕ್ಷಣವೇ ಎದೆಯ ನಡುವೆ ಕಲ್ಲು ಕೂತಂತಾಯಿತು. ಬಾಯಿ ತುಂಬ ನೊರೆನೊರೆಯಾದ ಜೊಲ್ಲು. ಒಂದು ಗುಟುಕು ನೀರು ಕುಡಿದರೆ ಅದೂ ಇಳಿಯದೆ ವಾಪಸ್ ಬಂತು. ಮುಕ್ಕಾಲು ಗಂಟೆ ಸಿಂಕಿನ ಮುಂದೆ ನಿಂತು, ಎಲ್ಲ ಹೊರಗೆ ಹೋದ ಮೇಲಷ್ಟೇ ಅವಳಿಗೆ ಉಸಿರು ಬಂದದ್ದು.

ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮಲ್ಲಿ ರೂಢಿ. ಹೊಸ ಹೊಟ್ಟೆ ಆ ರೂಢಿಯನ್ನು ಒಪ್ಪಲಿಲ್ಲ. ಆಮೇಲೆ ಆಹಾರತಜ್ಞರು ತಿದ್ದಿ ಹೇಳಿದ್ದನ್ನೂ ನಮ್ಮ ಅಡುಗೆಮನೆಯಲ್ಲಿ ಮಾಡಿ ನೋಡಿ ಕಲಿತದ್ದನ್ನೂ ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇನೆ. ನಿಮ್ಮ ಶಸ್ತ್ರಚಿಕಿತ್ಸಕರು ಕೊಟ್ಟ ಪಟ್ಟಿಗೂ ಇದಕ್ಕೂ ವ್ಯತ್ಯಾಸ ಕಂಡರೆ ಅವರ ಪಟ್ಟಿಯನ್ನೇ ಪಾಲಿಸಿ.

ಹೊಟ್ಟೆಯೊಳಗೆ ಬದಲಾದದ್ದೇನು?

‘ಸ್ಲೀವ್’ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಶೇ 75ರಿಂದ 80ರಷ್ಟು ಭಾಗವನ್ನು ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಮೊದಮೊದಲು ಅದರಲ್ಲಿ ಹಿಡಿಯುವುದು 100ರಿಂದ 150 ಮಿ.ಲೀ. ‘ಗ್ಯಾಸ್ಟ್ರಿಕ್ ಬೈಪಾಸ್‌’ನಲ್ಲಿ ಸುಮಾರು 30 ಮಿ.ಲೀ.ನ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಮೊದಲು ಜಠರವೆಂಬ ಒರಳು ತುತ್ತನ್ನು ಅರೆದು, ಆಮ್ಲ ಬೆರೆಸಿ ಹಿಟ್ಟು ಮಾಡುತ್ತಿತ್ತು. ಈಗ ಒರಳು ಚಿಕ್ಕದಾಗಿದೆ, ಅರೆಯುವ ಕೆಲಸ ಹಲ್ಲಿನ ಪಾಲಿಗೆ ಬಂದಿದೆ. ಹಸಿ ತರಕಾರಿಯ ನಾರು ಸರಿಯಾಗಿ ಅಗಿಯದೆ ಇಳಿದರೆ ಕಿರಿದಾದ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಅಪರೂಪಕ್ಕೆ ನಾರು ಗಂಟುಗಟ್ಟಿ ದಾರಿಯನ್ನೇ ಮುಚ್ಚುವುದೂ ಉಂಟು. ಒಳಗಿನ ಹೊಲಿಗೆ ಮಾಗುವುದಕ್ಕೂ ಸಮಯ ಬೇಕು. ಹಾಗಾಗಿಯೇ ಈ ವಾರಗಳ ಲೆಕ್ಕ.

ಗಟ್ಟಿ ಊಟದವರೆಗಿನ ಹಂತಗಳು

• ಮೊದಲ ಒಂದೆರಡು ದಿನ: ನೀರು, ಸೋಸಿದ ಬೇಳೆಕಟ್ಟಿನಂಥ ತಿಳಿ ದ್ರವ.

• ಎರಡನೇ ವಾರದ ಕೊನೆಯವರೆಗೆ: ಕೆನೆ ತೆಗೆದ ಹಾಲು, ಮಜ್ಜಿಗೆ, ತೆಳ್ಳಗಿನ ಅಂಬಲಿ, ವೈದ್ಯರು ಬರೆದುಕೊಟ್ಟ ಪ್ರೋಟೀನ್ ಪುಡಿ.

• 3–4ನೇ ವಾರ: ನುಣ್ಣಗೆ ರುಬ್ಬಿದ ಹೆಸರುಬೇಳೆ ತೊವ್ವೆ, ಬೇಯಿಸಿ ಅರೆದ ಕುಂಬಳಕಾಯಿ, ಗಂಟಿಲ್ಲದ ಮೊಸರು.

• 5–8ನೇ ವಾರ: ಎರಡು ಬೆರಳಿನ ನಡುವೆ ಹಿಸುಕಿದರೆ ಕರಗುವಷ್ಟು ಮೆತ್ತನೆಯ ಪದಾರ್ಥ. ಸಿಪ್ಪೆ ತೆಗೆದು ಬೇಯಿಸಿದ ಸೋರೆಕಾಯಿ, ಸೀಮೆಬದನೆಕಾಯಿ, ಮೃದುವಾದ ಪನೀರ್, ಮೊಟ್ಟೆ, ಮುಳ್ಳು ತೆಗೆದ ಮೀನು.

• ಎಂಟು ವಾರ ಕಳೆದ ಮೇಲೆ: ಒಂದೊಂದಾಗಿ ಗಟ್ಟಿ ಆಹಾರ. ಹಸಿ ತರಕಾರಿಯ ಸರದಿ ಸಾಮಾನ್ಯವಾಗಿ ಎರಡು–ಮೂರು ತಿಂಗಳ ಹೊತ್ತಿಗೆ.

ಹಸಿ ತರಕಾರಿಗೆ ಐದು ಮೆಟ್ಟಿಲು

1. ಬೆಂದದ್ದು ಒಗ್ಗಲಿ. ನಾರು ತೆಗೆದ ಬೀನ್ಸ್ ಪಲ್ಯ, ಬೇಯಿಸಿದ ಕ್ಯಾರೆಟ್ ಯಾವ ತಕರಾರೂ ಇಲ್ಲದೆ ಇಳಿಯುತ್ತಿದೆಯೇ? ಮುಂದಿನ ವಾರ ಅದನ್ನೇ ತುಸು ಕಡಿಮೆ ಬೇಯಿಸಿ. ಅದೂ ಒಗ್ಗಿದರೆ ಹಸಿಯದಕ್ಕೆ ಕೈಹಾಕಬಹುದು.

2. ಸೌತೆಕಾಯಿಯಿಂದ ಶುರು ಮಾಡಿ. ಎಳೆಯದನ್ನು ಆರಿಸಿ, ಚೆನ್ನಾಗಿ ತೊಳೆದು ಸಿಪ್ಪೆ ಹೆರೆಯಿರಿ. ಉದ್ದಕ್ಕೆ ಸೀಳಿ, ಬೀಜದ ತಿರುಳನ್ನು ಚಮಚದಿಂದ ಕೆರೆದು ತೆಗೆದು ತುರಿಯಿರಿ. ಮೊದಲ ದಿನ ಎರಡು ಟೀ ಚಮಚ ಸಾಕು. ಮೊಸರಿನಲ್ಲಿ ಕಲಸಿ ಪಚಡಿ ಮಾಡಿದರೆ ಸಲೀಸಾಗಿ ಇಳಿಯುತ್ತದೆ. ಈ ಪ್ರಯೋಗ ಮಧ್ಯಾಹ್ನ ಮನೆಯಲ್ಲೇ ಆಗಲಿ. ಮಲಗುವ ಹೊತ್ತಿಗೆ, ಪ್ರಯಾಣದಲ್ಲಿ, ನೆಂಟರ ಮನೆಯಲ್ಲಿ ಬೇಡ.

3. ಒಂದು ಸಲಕ್ಕೆ ಒಂದೇ ಹೊಸದು. ಎರಡು–ಮೂರು ದಿನ ಅದನ್ನೇ ತಿಂದು ನೋಡಿ, ಏನನ್ನಿಸಿತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ಹೊಸ ಪದಾರ್ಥ ಒಟ್ಟಿಗೆ ತಿಂದು ತೊಂದರೆಯಾದರೆ ಕಾರಣ ಯಾವುದೆಂದು ಗೊತ್ತಾಗುವುದಿಲ್ಲ.

4. ಮೃದುವಿನಿಂದ ಗಡಸಿಗೆ ಹೋಗಿ. ಸೌತೆಕಾಯಿ ಒಗ್ಗಿದ ಮೇಲೆ ಸಿಪ್ಪೆ, ಬೀಜ ತೆಗೆದ ಟೊಮೆಟೊ. ಬಳಿಕ ಸಣ್ಣಗೆ ತುರಿದ ಕ್ಯಾರೆಟ್. ವಾಯು ತುಂಬಿಸುವ ಎಲೆಕೋಸು, ಮೂಲಂಗಿ, ಹಸಿ ಈರುಳ್ಳಿ ಕೊನೆಗೆ ಬರಲಿ.

5. ಕೋಸಂಬರಿ ಎಲ್ಲಕ್ಕಿಂತ ಆಮೇಲೆ. ಅದರಲ್ಲಿ ನೆನೆಸಿದ ಬೇಳೆ, ಹಸಿ ತರಕಾರಿ, ಕಾಯಿತುರಿ, ಹಸಿಮೆಣಸು ಎಲ್ಲವೂ ಸೇರಿರುತ್ತವೆ. ಒಂದೊಂದೂ ಬೇರೆಬೇರೆಯಾಗಿ ಒಗ್ಗಿದ ಮೇಲೆ ಬೆರೆಸಿ. ಮೊದಲ ಸಲ ನೆನೆದ ಹೆಸರುಬೇಳೆಯನ್ನು ಹಬೆಯಲ್ಲಿ ಬೇಯಿಸಿಕೊಳ್ಳಿ. ಕಾಯಿತುರಿ, ಹಸಿಮೆಣಸು ಬಿಡಿ.

ಪಚಡಿ ಒಗ್ಗಿದ ಮೇಲೆ, ಹನ್ನೊಂದನೇ ವಾರದಲ್ಲಿ ಅಕ್ಕ ಮೊದಲ ಸೌತೆಕಾಯಿ ಹೋಳು ತಿಂದಳು. ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳುವಾಗಿ ಹೆಚ್ಚಿ, ಉಪ್ಪಿನ ನಾಲ್ಕು ಹರಳು ಉದುರಿಸಿ ಅಮ್ಮ ಕೊಟ್ಟರು. ಅಕ್ಕ ಮನಸ್ಸಿನಲ್ಲೇ ಎಣಿಸುತ್ತ ಮೂವತ್ತು ಸಲ ಅಗಿದಳು. ಕರಕರ ಸದ್ದು ಕೇಳಿ ಎರಡು ತಿಂಗಳ ಮೇಲಾಗಿತ್ತು. ಅವಳ ಕಣ್ಣು ತುಂಬಿಬಂತು. ಎರಡನೇ ಹೋಳನ್ನು ಅವಳೇ ಬೇಡವೆಂದಳು.

ಸದ್ಯಕ್ಕೆ ದೂರವಿಡಿ

ನಾರಿನ ಬಾಳೆದಿಂಡು, ನುಗ್ಗೆಕಾಯಿ, ಅನಾನಸ್, ಹಲಸಿನ ತೊಳೆ, ಕಿತ್ತಳೆ–ಮೂಸಂಬಿ ತೊಳೆಯ ಪೊರೆ ಬಹಳ ಸಮಯ ಕಾಯಲಿ. ಮುಟ್ಟಿದರೆ ಮೆತ್ತಗಿದ್ದು ಒಳಗೆ ಹೋಗಿ ಅಂಟಿಕೊಳ್ಳುವ ಪದಾರ್ಥಗಳು ಬೇರೆ ಇವೆ: ಮುದ್ದೆ, ಮೆತ್ತನೆ ಬ್ರೆಡ್ಡು, ಮುದ್ದೆಯಾದ ಅನ್ನ. ಒಣಗಿದ ಕೋಳಿ ಮಾಂಸವೂ ಸಿಕ್ಕಿಕೊಳ್ಳುತ್ತದೆ. ಸೋಡಾ, ತಂಪು ಪಾನೀಯ ಬೇಡ. ಪಾಯಸ, ಹೋಳಿಗೆಯಂಥ ಸಿಹಿ, ಅದರಲ್ಲೂ ಬೈಪಾಸ್ ಆದವರಿಗೆ, ‘ಡಂಪಿಂಗ್’ ತರಬಲ್ಲದು. ಸಕ್ಕರೆ ಒಮ್ಮೆಗೇ ಕರುಳಿಗೆ ಸುರಿದು, ತಿಂದ 10–30 ನಿಮಿಷದಲ್ಲಿ ಎದೆ ಡವಡವ ಎನ್ನುತ್ತದೆ, ಬೆವರು, ತಲೆಸುತ್ತು, ಭೇದಿ ಕಾಣಿಸುತ್ತವೆ.

ತಟ್ಟೆಯ ಮುಂದೆ ಕೂತಾಗ

ಮದುವೆಮನೆಯ ಎಲೆಗೆ ಕೋಸಂಬರಿ, ಪಲ್ಯ ಮೊದಲು ಬೀಳುತ್ತವೆ. ನಿಮ್ಮ ತಟ್ಟೆಯಲ್ಲಿ ಆ ಕ್ರಮ ಬದಲಾಗಬೇಕು. ಪ್ರೋಟೀನ್ ಮೊದಲು, ತರಕಾರಿ ಆಮೇಲೆ, ಜಾಗ ಉಳಿದರೆ ಅನ್ನ. ದಿನಕ್ಕೆ 60–80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ. ಸೌತೆಕಾಯಿಯಿಂದಲೇ ಹೊಟ್ಟೆ ತುಂಬಿಸಿಕೊಂಡರೆ ಇದಕ್ಕೆ ಎಡೆಯೇ ಇರದು.

ಟೀ ಚಮಚದಲ್ಲಿ ಉಣ್ಣಿ. ಪ್ರತಿ ತುತ್ತನ್ನೂ 20–30 ಸಲ ಅಗಿದು, ಊಟಕ್ಕೆ 20–30 ನಿಮಿಷ ಕೊಡಿ. ಊಟದ ಜೊತೆ ನೀರು ಬೇಡ, ಮುಗಿದ ಮೇಲೂ ಅರ್ಧ ಗಂಟೆ ಕಾಯಿರಿ. ಅನ್ನವನ್ನು ಸಾರಿನಲ್ಲಿ ತೇಲಿಸಿದರೆ ಅಗಿಯುವ ಮೊದಲೇ ಜಾರುತ್ತದೆ, ಹಾಗಾಗಿ ಗಟ್ಟಿಯಾಗಿ ಕಲಸಿ. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ–ಎರಡು ಲೀಟರ್ ನೀರು ಒಳಗೆ ಹೋಗಬೇಕು. ಎದೆಗೂಡಿನ ಕೆಳಗೆ ಒತ್ತಿದಂತಾದರೆ, ಬಿಕ್ಕಳಿಕೆ ಬಂದರೆ, ಮೂಗು ಸೋರತೊಡಗಿದರೆ ಹೊಟ್ಟೆ ‘ಸಾಕು’ ಎನ್ನುತ್ತಿದೆ ಎಂದು ತಿಳಿಯಿರಿ. ಕೈಯಲ್ಲಿರುವ ತುತ್ತನ್ನೂ ಅಲ್ಲಿಗೇ ಬಿಡಿ.

ಸಿಕ್ಕಿಕೊಂಡರೆ ಏನು ಮಾಡಬೇಕು?

ತಿನ್ನುವುದನ್ನು ನಿಲ್ಲಿಸಿ. ತಳ್ಳಲೆಂದು ನೀರು ಕುಡಿಯಬೇಡಿ, ನೋವು ಹೆಚ್ಚುತ್ತದೆ. ನೆಟ್ಟಗೆ ಕೂತಿರಿ ಇಲ್ಲವೇ ನಿಧಾನಕ್ಕೆ ಅಡ್ಡಾಡಿ. ಸರಿಹೋದ ಮೇಲೆ ಒಂದು ದಿನ ದ್ರವಾಹಾರ, ಮರುದಿನ ಮೆತ್ತನೆಯದು. ಆ ತರಕಾರಿಯನ್ನು ಒಂದೆರಡು ವಾರ ಬಿಟ್ಟು ಮತ್ತೆ ಪ್ರಯತ್ನಿಸಿ.

ಒಂದು ದಿನವಾದರೂ ಹೊಟ್ಟೆಯಲ್ಲಿ ನೀರು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ತೀವ್ರ ಹೊಟ್ಟೆನೋವು, ಜ್ವರ, ಕಪ್ಪು ಮಲ ಕಂಡರೆ ಒಂದು ದಿನವೂ ಕಾಯಬೇಡಿ. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವಿರುವುದರಿಂದ ಬಲಪಕ್ಕೆಯ ನೋವನ್ನು ‘ಗ್ಯಾಸ್’ ಎಂದು ತಳ್ಳಿಹಾಕಬೇಡಿ. ವಾಂತಿ ಹಲವು ದಿನ ಮುಂದುವರಿದರೆ ಬಿ1 ಜೀವಸತ್ವ, ಅಂದರೆ ತಯಮಿನ್ ಕೊರತೆಯಾಗಿ ಮೆದುಳಿಗೇ ಹಾನಿಯಾಗಬಹುದು. ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ಮನಸ್ಸಿಗೆ ಮಂಕು ಕವಿಯುವುದು ಅದರ ಲಕ್ಷಣ. ಹತ್ತಿರದ ಚಿಕ್ಕ ಕ್ಲಿನಿಕ್ಕಿಗೆ ಹೋದಾಗ ‘ಬೇರಿಯಾಟ್ರಿಕ್ ಆಗಿದೆ’ ಎಂಬುದನ್ನು ಮೊದಲೇ ಹೇಳಿ. ಇಂಥ ಸ್ಥಿತಿಯಲ್ಲಿ ಗ್ಲೂಕೋಸ್ ಡ್ರಿಪ್ ಹಾಕುವ ಮುಂಚೆ ತಯಮಿನ್ ಕೊಡಬೇಕಾಗುತ್ತದೆ.

ಮಾತ್ರೆ ಮರೆಯಬೇಡಿ

ತರಕಾರಿ ತಿನ್ನಲು ಶುರುಮಾಡಿದೆವೆಂದು ಮಾತ್ರೆ ನಿಲ್ಲಿಸುವವರಿದ್ದಾರೆ. ಬಿ12 ಮತ್ತು ಡಿ ಜೀವಸತ್ವ, ಕಬ್ಬಿಣ, ಕ್ಯಾಲ್ಸಿಯಂಗಳನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಜೀವನಪೂರ್ತಿ ತೆಗೆದುಕೊಳ್ಳಬೇಕು. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾದ ಜೊತೆ ನುಂಗಬೇಡಿ. ಹೇಳಿದ ದಿನಕ್ಕೆ ತಪ್ಪದೆ ರಕ್ತಪರೀಕ್ಷೆ ಮಾಡಿಸಿ.

ಅಕ್ಕ ಈಗ ಮುದ್ದೆಯನ್ನೂ ಉಣ್ಣುತ್ತಾಳೆ. ಕಡಲೆಕಾಳಿನಷ್ಟು ಮುರಿದು, ಅಗಿದು, ನಾಲ್ಕೈದು ಚೂರಿಗೆ ಕೈ ತೊಳೆಯುತ್ತಾಳೆ. ಅಮ್ಮ ಅದನ್ನು ನೋಡಿಕೊಂಡು ಸುಮ್ಮನಿರುವುದನ್ನು ಕಲಿತಿದ್ದಾರೆ. ಅವರಿಗೆ ಅದು ಸುಲಭವಾಗಿರಲಿಲ್ಲ. ಬಡಿಸುವ ಕೈಗಳಲ್ಲಿ ನನ್ನ ಮನವಿ ಇಷ್ಟೇ: ಎದುರಿಗೆ ಕೂತವರು ‘ಸಾಕು’ ಎಂದಾಗ ಸೌಟನ್ನು ಪಾತ್ರೆಗೆ ವಾಪಸ್ ಹಾಕಿ, ‘ಇನ್ನೊಂಚೂರು’ ಎನ್ನಬೇಡಿ.