ನಗೆಚಿತ್ರದ ಬೆಲೆ

ಚಿತ್ರವೊಂದನ್ನು ಕಂಡೊಡನೆ ನಗು ಬಂದರೆ ಅದರ ಕೆಲಸ ಅಲ್ಲಿಗೆ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ನಕ್ಕ ಮೇಲೆ ಮತ್ತೊಮ್ಮೆ ನೋಡತಕ್ಕದ್ದು ಅದರಲ್ಲಿ ಏನಿದೆ ಎಂದು ಅವರು ಕೇಳುತ್ತಾರೆ. ಅಮೆರಿಕದ ಕ್ಯಾಸಿಯಸ್ ಮಾರ್ಸೆಲಸ್ ಕೂಲಿಜ್ ಬರೆದ, ಇಸ್ಪೀಟಾಡುವ ನಾಯಿಗಳ ಚಿತ್ರಗಳು ಈ ಪ್ರಶ್ನೆಗೆ ಒಳ್ಳೆಯ ಉತ್ತರವಾಗಿವೆ.

ಕೂಲಿಜ್ (1844–1934) ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನವನು. ಚಿತ್ರಕಲೆಯನ್ನು ಗುರುಮುಖದಿಂದ ಕ್ರಮವಾಗಿ ಕಲಿತವನಲ್ಲ. ಅಂಗಡಿಗಳ ನಾಮಫಲಕ ಬರೆದ, ಔಷಧಿ ಮಾರಿದ, ಪತ್ರಿಕೆ ಹೊರಡಿಸಿದ. ಒಂದು ಬ್ಯಾಂಕನ್ನು ಕೂಡ ಸ್ಥಾಪಿಸಿದನಂತೆ! 1903ರಲ್ಲಿ ಬ್ರೌನ್ ಅಂಡ್ ಬಿಗೆಲೋ ಎಂಬ ಜಾಹೀರಾತು ಮುದ್ರಣ ಸಂಸ್ಥೆ ಅವನಿಗೆ ಕೆಲಸ ವಹಿಸಿತು. ಅದಕ್ಕಾಗಿ ಅವನು ಬರೆದ 16 ಚಿತ್ರಗಳ ಪೈಕಿ 9ರಲ್ಲಿ ನಾಯಿಗಳು ಮೇಜಿನ ಸುತ್ತ ಕುಳಿತು ಇಸ್ಪೀಟಿನಲ್ಲಿ ತೊಡಗಿವೆ. ಮುದ್ರಣದ ಮೂಲಕ ಇವು ಸಾಮಾನ್ಯರ ಮನೆಗಳ ಗೋಡೆಯನ್ನು ಸೇರಿದವು. ಕಲಾರಸಿಕರೆನಿಸಿಕೊಂಡವರು ಮೂಗು ಮುರಿದರು.

ಮೂಗು ಮುರಿಯುವುದಕ್ಕೆ ಶ್ರಮವೇನೂ ಬೇಕಿಲ್ಲ. ನೋಡುವುದಕ್ಕೆ ಬೇಕು. ಈ ಸಾಲಿನಲ್ಲಿ 'ಎ ಫ್ರೆಂಡ್ ಇನ್ ನೀಡ್' ಎಂಬ ಚಿತ್ರ ಹೆಚ್ಚು ಪ್ರಸಿದ್ಧವಾದುದು. ಹೆಸರನ್ನು ನಮ್ಮ ಗಾದೆಯ ಮಾತಿನಲ್ಲಿ 'ಆಪತ್ತಿಗಾದ ನೆಂಟ' ಎನ್ನಬಹುದು. ಏಳು ನಾಯಿಗಳು ಆಟದಲ್ಲಿವೆ. ಐದು ದೊಡ್ಡವು, ಅವುಗಳ ಮುಖದಲ್ಲಿ ನ್ಯಾಯಾಧೀಶರ ಗಾಂಭೀರ್ಯ. ಉಳಿದೆರಡು ಸಣ್ಣ ಬುಲ್‌ಡಾಗುಗಳು. ಅವುಗಳಲ್ಲಿ ಒಂದು, ಮೇಜಿನ ಕೆಳಗೆ, ಕಾಲಿನಲ್ಲಿ ಹಿಡಿದ ಎಕ್ಕವನ್ನು ಇನ್ನೊಂದಕ್ಕೆ ಸದ್ದಿಲ್ಲದೆ ದಾಟಿಸುತ್ತಿದೆ! ಈ ಸಣ್ಣ ನಾಯಿಗಳನ್ನು ಚಿತ್ರಕಾರ ನಮಗೆ ಅತಿ ಸಮೀಪದಲ್ಲಿ ಕೂಡಿಸಿದ್ದಾನೆ. ಆದುದರಿಂದ ದೊಡ್ಡ ನಾಯಿಗಳಿಗೆ ಕಾಣದ ಮೋಸ ನಮಗೆ ಮಾತ್ರ ಕಾಣುತ್ತದೆ. ಗುಟ್ಟಿನಲ್ಲಿ ನಾವೂ ಪಾಲುದಾರರಾಗುತ್ತೇವೆ. ನಗು ಹುಟ್ಟುವುದು ನಾಯಿ ಕುರ್ಚಿಯ ಮೇಲೆ ಕುಳಿತಿದೆ ಎಂಬುದರಿಂದಷ್ಟೇ ಅಲ್ಲ, ಈ ಜೋಡಣೆಯಿಂದ. ಇದನ್ನು ಅರಿಯದವನು ಇಂಥ ಚಿತ್ರ ಬರೆಯಲಾರ.

ಹಾಗೆಂದು ಹೊಗಳಿಕೆ ಹದ ಮೀರಬಾರದು. ಒಂದೇ ವಿನೋದವನ್ನು ಒಂಬತ್ತು ಸಲ ಹೇಳಿದರೆ ರುಚಿ ತಗ್ಗದಿರುವುದೆ? ಕೆಲವು ಚಿತ್ರಗಳಲ್ಲಿ ನಾಯಿಯ ಬದಲು ಮನುಷ್ಯರನ್ನು ಕೂಡಿಸಿದರೆ ಉಳಿಯುವುದು ಅಲ್ಪವೇ. ಮನೆಯವರೊಬ್ಬರು ಗೋಡೆಗೆಂದು ಬಣ್ಣ ಹಾಕಿದ ತಮಾಷೆಯ ಚಿತ್ರವನ್ನು ಅಳೆಯುವಾಗಲೂ ನಾನು ಕೇಳುವ ಪ್ರಶ್ನೆ ಇದೇ: ಬೆರಳು ಸೊಟ್ಟಗಾಗಿರಬಹುದು, ಆದರೆ ನಗು ಚಿತ್ರದ ಯಾವ ಮೂಲೆಯಿಂದ ಬರುತ್ತಿದೆ? ಕೈ ತಪ್ಪಿದ್ದರಿಂದ ಬಂದ ನಗು ಬೇರೆ, ಕಣ್ಣು ಕಂಡದ್ದರಿಂದ ಬಂದ ನಗು ಬೇರೆ.

ಮಾರುಕಟ್ಟೆಯ ಅಳತೆಯಂತೂ ವಿಚಿತ್ರ. ಕೂಲಿಜ್‌ನ 'ಎ ಬೋಲ್ಡ್ ಬ್ಲಫ್', 'ವಾಟರ್‌ಲೂ' ಎಂಬ ಜೋಡಿಗೆ 30,000ದಿಂದ 50,000 ಡಾಲರು ಬಂದೀತೆಂದು ಬಲ್ಲವರು ಅಂದಾಜು ಕಟ್ಟಿದ್ದರು. 2005ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಬಂದದ್ದು 5,90,400 ಡಾಲರು. ಕೊಂಡವರು ಹಣ ತೆತ್ತದ್ದು ಬಹುಶಃ ಖ್ಯಾತಿಗೆ. ಆದರೂ ಆ ಜೋಡಿಯನ್ನು ಒಟ್ಟಿಗೆ ನೋಡತಕ್ಕದ್ದು. ಮೊದಲನೆಯದರಲ್ಲಿ ಸೇಂಟ್ ಬರ್ನಾರ್ಡ್ ನಾಯಿ ಕೈಯಲ್ಲಿ ಒಳ್ಳೆಯ ಎಲೆಯಿಲ್ಲದಿದ್ದರೂ ಧೈರ್ಯದ ಮುಖ ಹೊತ್ತು ಕುಳಿತಿದೆ. ಎರಡನೆಯದರಲ್ಲಿ ಪಣವನ್ನೆಲ್ಲ ತನ್ನತ್ತ ಬಾಚಿಕೊಳ್ಳುತ್ತಿದೆ. ಗೆದ್ದ ನಾಯಿಯನ್ನು ಬಿಟ್ಟು, ಸೋತ ನಾಯಿಗಳ ಮುಖಗಳನ್ನು ಒಂದೊಂದಾಗಿ ನೋಡಿರಿ.