ಹಳೆಯ ಕಾರವಾನ್ ಕೊಳ್ಳುವ ಮುನ್ನ: ಆರ್‌ಸಿ ಒಂದು, ಗಾಡಿ ಇನ್ನೊಂದು ಆಗದಿರಲಿ

ಕಾರವಾನ್ ಎಂದರೆ ಸಿನಿಮಾ ನಟರು ಶೂಟಿಂಗ್ ನಡುವೆ ಕೂರುವ ಗಾಡಿ ಎಂದಷ್ಟೇ ನಮ್ಮ ಕಡೆ ತಿಳಿದಿದ್ದರು. ಈಗ ಹಾಸಿಗೆ, ಪುಟ್ಟ ಅಡುಗೆಕಟ್ಟೆ, ನೀರಿನ ಟ್ಯಾಂಕ್ ಕೂರಿಸಿದ ಟೆಂಪೊ ಟ್ರಾವೆಲರ್‌ಗಳಲ್ಲಿ ಕುಟುಂಬಗಳೂ ಪ್ರವಾಸ ಹೊರಡುತ್ತಿವೆ. ಹೊಸದು ದುಬಾರಿಯಾದ್ದರಿಂದ ಹಲವರ ಕಣ್ಣು ಸೆಕೆಂಡ್ ಹ್ಯಾಂಡ್ ಗಾಡಿಯ ಮೇಲೆ. ದಾವಣಗೆರೆ, ಹರಿಹರ ಎರಡೂ ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲೇ ಇರುವುದರಿಂದ ಇಲ್ಲಿನವರಿಗೆ ಬೆಂಗಳೂರು, ಹುಬ್ಬಳ್ಳಿಯ ಗಾಡಿಗಳ ಜತೆಗೆ ಮಹಾರಾಷ್ಟ್ರದ ಗಾಡಿಯೂ ಕೈಗೆಟಕುತ್ತದೆ.

ಕೊಳ್ಳುವವರು ಎಂಜಿನ್ ಸದ್ದು ಕೇಳುತ್ತಾರೆ, ಟೈರ್ ಒತ್ತಿ ನೋಡುತ್ತಾರೆ, ಒಳಗಿನ ಸೋಫಾ ಮೇಲೆ ಕೂತು ಖುಷಿಪಡುತ್ತಾರೆ. ಕಾಗದ ನೋಡುವ ಕೆಲಸ ಮಾತ್ರ ಬ್ರೋಕರ್ ಪಾಲಿಗೆ ಬಿಡುತ್ತಾರೆ. ಆದರೆ ಕಾರವಾನ್ ವಿಷಯದಲ್ಲಿ ಹೆಚ್ಚಿನ ತಂಟೆ ಹುಟ್ಟುವುದು ಕಾಗದದಲ್ಲೇ.

ಗಾಡಿಯ ಪಕ್ಕ ಆರ್‌ಸಿ ಹಿಡಿದು ನಿಲ್ಲಿ

ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ವಾಹನದ ವರ್ಗ, ಬಾಡಿಯ ವಿಧ, ಆಸನಗಳ ಸಂಖ್ಯೆ, ಖಾಲಿ ಗಾಡಿಯ ತೂಕ ಎಂಬ ಕಾಲಂಗಳಿವೆ. ಅವನ್ನು ಒಂದೊಂದಾಗಿ ಗಾಡಿಗೆ ಹೋಲಿಸಿ. ಆರ್‌ಸಿಯಲ್ಲಿ ಹದಿಮೂರು ಸೀಟು ಎಂದಿದ್ದು, ಬಾಗಿಲು ತೆಗೆದರೆ ಎರಡು ಮಂಚ, ಒಂದು ಸಿಂಕ್, ನಾಲ್ಕೇ ಸೀಟು ಕಂಡರೆ, ಆ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಇದೆಯೇ ಎಂಬುದೇ ನಿಮ್ಮ ಮೊದಲ ಪ್ರಶ್ನೆಯಾಗಬೇಕು.

ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ. ಕಾನೂನು ಬಿಟ್ಟುಕೊಟ್ಟ ಬಗೆಯ ಮಾರ್ಪಾಡಿಗೂ ಅನುಮತಿ ಬೇಕು, ಅದು ಆರ್‌ಸಿಯಲ್ಲಿ ನಮೂದಾಗಬೇಕು. 2019ರ ಜನವರಿಯಲ್ಲಿ ಕೆ. ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದೆ ಗಾಡಿ ಮಾರ್ಪಡಿಸುವ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

‘ಮಾರ್ಪಾಡು ಮಾಡಿಸಿದ್ದು ಹಳೆಯ ಮಾಲೀಕರು, ನನಗೇನು?’ ಎನ್ನುವಂತಿಲ್ಲ. ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಹೋದಾಗ, ಹೆದ್ದಾರಿಯಲ್ಲಿ ತಪಾಸಣೆಗೆ ನಿಂತಾಗ, ವಿಮೆ ಕ್ಲೇಮ್ ಹಾಕಿದಾಗ ಉತ್ತರ ಕೊಡಬೇಕಾದವರು ನೀವು. ಆದ್ದರಿಂದ ಮಾರ್ಪಾಡನ್ನು ಆರ್‌ಸಿಗೆ ಏರಿಸಿ ಕೊಡುವ ಹೊಣೆ ಮಾರುವವರದ್ದೇ ಎಂದು ಕರಾರಿನಲ್ಲಿ ಬರೆಸಿ. ಆ ಕೆಲಸ ಮುಗಿಯುವವರೆಗೆ ಬಾಕಿ ಹಣ ಕೊಡಬೇಡಿ.

ಬೋರ್ಡಿನ ಬಣ್ಣವನ್ನೂ ಗಮನಿಸಿ. ಬಾಡಿಗೆಗೆ ಓಡುತ್ತಿದ್ದ ಹಳದಿ ಬೋರ್ಡ್ ಗಾಡಿಯನ್ನು ಮನೆ ಬಳಕೆಗೆ ಕೊಳ್ಳುವುದಾದರೆ ಪರ್ಮಿಟ್ ಒಪ್ಪಿಸಿ, ತೆರಿಗೆ ಚುಕ್ತಾ ಮಾಡಿ, ವರ್ಗ ಬದಲಾವಣೆ ಮಾಡಿಸಬೇಕು. ಬರೀ ನಂಬರ್ ಪ್ಲೇಟ್‌ಗೆ ಬಿಳಿ ಬಣ್ಣ ಹೊಡೆಸಿದರೆ ಗಾಡಿ ಖಾಸಗಿಯಾಗುವುದಿಲ್ಲ. ಬಿಳಿ ಬೋರ್ಡ್ ಕಾರವಾನನ್ನು ಕೊಂಡು ಬಾಡಿಗೆಗೆ ಬಿಡುವುದೂ ಅಷ್ಟೇ ತಪ್ಪು.

ಮುಂಗಡ ಕೊಡುವ ಮೊದಲು

ಪರಿವಾಹನ್ ಪೋರ್ಟಲ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ಸಂಖ್ಯೆ ಹಾಕಿದರೆ ನೋಂದಣಿ ದಿನಾಂಕ, ಎಫ್‌ಸಿ, ವಿಮೆ, ಸಾಲದ ನಮೂದು ಕಾಣುತ್ತವೆ. ಅಲ್ಲಿ ಕಂಡದ್ದರ ಜತೆಗೆ ಇವನ್ನೂ ಪರಿಶೀಲಿಸಿ:

- ಚಾಸಿಸ್ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಆರ್‌ಸಿಯಲ್ಲಿರುವ ಸಂಖ್ಯೆಯ ಜತೆ ಒಂದೊಂದೇ ಅಕ್ಷರ ಹೋಲಿಸಿ. ಉಜ್ಜಿದ, ಮತ್ತೆ ಕೆತ್ತಿದ ಗುರುತಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಕಳವಿನ ಗಾಡಿಗೆ ನೀವು ಎಷ್ಟೇ ಹಣ ಕೊಟ್ಟಿದ್ದರೂ ಒಡೆತನ ಸಿಗುವುದಿಲ್ಲ.
- ಸಾಲದ ನಮೂದಿದ್ದರೆ ಬ್ಯಾಂಕ್ ಅಥವಾ ಫೈನಾನ್ಸ್‌ನವರ ಎನ್‌ಒಸಿ ಮತ್ತು ಅವರು ಸಹಿ ಹಾಕಿದ ಫಾರಂ 35 ಕೇಳಿ. ‘ಸಾಲ ತೀರಿದೆ, ಎಚ್‌ಪಿ (ಸಾಲದ ನಮೂದು) ಆಮೇಲೆ ತೆಗೆಸಿದರಾಯಿತು’ ಎಂಬ ಮಾತನ್ನು ನಂಬಿ ಪೂರ್ತಿ ಹಣ ಕೊಡಬೇಡಿ.
- ಇ-ಚಲನ್ ತಾಣದಲ್ಲಿ ಬಾಕಿ ದಂಡ ನೋಡಿ. ತೆರಿಗೆ ರಸೀದಿ ಪಡೆಯಿರಿ.
- 2019ರ ಏಪ್ರಿಲ್ 1ಕ್ಕಿಂತ ಹಿಂದೆ ನೋಂದಣಿಯಾದ ಗಾಡಿಗೂ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಫಲಕ ಕಡ್ಡಾಯ. ಅದು ಇಲ್ಲದಿದ್ದರೆ ವರ್ಗಾವಣೆಗೆ ತೊಡಕಾಗುತ್ತದೆ.
- ಖಾಸಗಿ ವಾಹನದ ನೋಂದಣಿಗೆ 15 ವರ್ಷ ಆಯುಸ್ಸು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಲಘು ವಾಹನದ ನವೀಕರಣ ಶುಲ್ಕ 10,000 ರೂಪಾಯಿಗೆ ಏರಿದೆ. ಅಗ್ಗದ ಹಳೆಯ ಗಾಡಿಯ ಲೆಕ್ಕದಲ್ಲಿ ಇದನ್ನೂ ಸೇರಿಸಿ.

ಹೆಸರು ಬದಲಾವಣೆ: 14 ಮತ್ತು 30 ದಿನ

ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಮಾರುವವರು, ಕೊಳ್ಳುವವರು ಇಬ್ಬರಿಗೂ ಗಡುವು ಹಾಕಿದೆ. ಗಾಡಿ ಕರ್ನಾಟಕದಲ್ಲೇ ನೋಂದಣಿಯಾಗಿದ್ದರೆ ಮಾರಿದವರು 14 ದಿನಗಳಲ್ಲಿ, ಹೊರ ರಾಜ್ಯದ್ದಾದರೆ 45 ದಿನಗಳಲ್ಲಿ ವರದಿ ಮಾಡಬೇಕು. ಕೊಂಡವರು 30 ದಿನಗಳೊಳಗೆ ಅರ್ಜಿ ಹಾಕಬೇಕು. ಫಾರಂ 29 ಮಾರಾಟದ ತಿಳಿವಳಿಕೆ, ಫಾರಂ 30 ವರ್ಗಾವಣೆಯ ಅರ್ಜಿ. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ವರ್ಗವಾಗಬೇಕು. ತೀರಿಕೊಂಡವರ ಹಳೆಯ ಸಹಿಯಿರುವ ಫಾರಂ ಮೇಲೆ ವ್ಯಾಪಾರ ಮಾಡುವುದು ಅಪರಾಧಕ್ಕೆ ಕೈಜೋಡಿಸಿದಂತೆ.

ಕೊಂಡವರು ವಾಸವಿರುವ, ಗಾಡಿ ನಿಲ್ಲಿಸುವ ಜಾಗ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಅರ್ಜಿ ಹೋಗಬೇಕು. ಹರಿಹರದವರಿಗೆ ಅದು ಕೆಎ-17, ದಾವಣಗೆರೆ ಆರ್‌ಟಿಒ. ತುಂಗಭದ್ರಾ ಸೇತುವೆ ದಾಟಿದರೆ ಸಿಗುವ ಕುಮಾರಪಟ್ಟಣ ಹಾವೇರಿ ಜಿಲ್ಲೆಯದು. ಅಲ್ಲಿನ ಗಾಡಿ ರಾಣೆಬೆನ್ನೂರಿನ ಕೆಎ-68 ಆಗಿರಬಹುದು. ಗಾಡಿ ಕೊಳ್ಳುತ್ತಿರುವುದು ಹೊಳೆಯಾಚೆಯಿಂದಷ್ಟೇ ಆದರೂ ಕಚೇರಿ ಬೇರೆ ಎಂಬುದನ್ನು ಮರೆಯಬೇಡಿ. ಮಹಾರಾಷ್ಟ್ರದಂತಹ ಹೊರ ರಾಜ್ಯದ ಗಾಡಿಯಾದರೆ ಫಾರಂ 28ರಲ್ಲಿ ಅಲ್ಲಿನ ಎನ್‌ಒಸಿ ಬೇಕು; ಕರ್ನಾಟಕದ ತೆರಿಗೆ ಕಟ್ಟಿ ಇಲ್ಲಿನ ಸಂಖ್ಯೆ ಪಡೆಯಬೇಕು. ತೆರಿಗೆ ಎಷ್ಟಾಗುತ್ತದೆ ಎಂದು ವ್ಯಾಪಾರ ಕುದುರಿಸುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ಎಷ್ಟೋ ಸಲ ‘ಅಗ್ಗ’ದ ಹೊರ ರಾಜ್ಯದ ಗಾಡಿ ಈ ಲೆಕ್ಕದಲ್ಲೇ ದುಬಾರಿಯಾಗುತ್ತದೆ.

ಮಾರುವವರೂ ಎಚ್ಚರ ತಪ್ಪಬಾರದು

ಹೆಸರು ಬದಲಾಯಿಸದೆ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣ ನೋಡಿ. 2007ರಲ್ಲಿ ಮಾರಿದ ಕಾರು ಕೈಯಿಂದ ಕೈಗೆ ದಾಟುತ್ತಾ ಹೋಯಿತು. ಆರ್‌ಸಿಯಲ್ಲಿ ಮಾತ್ರ ಮೊದಲ ಮಾಲೀಕರ ಹೆಸರೇ ಉಳಿಯಿತು. 2009ರ ಮೇ ತಿಂಗಳಲ್ಲಿ ಅಪಘಾತವಾದಾಗ ಕಾರಿಗೆ ವಿಮೆಯೂ ಇರಲಿಲ್ಲ. ‘ಮಾರಿ ಎರಡು ವರ್ಷವಾಯಿತು’ ಎಂಬ ವಾದ ನಿಲ್ಲಲಿಲ್ಲ. ಆರ್‌ಸಿಯಲ್ಲಿ ಹೆಸರಿದ್ದವರೇ ಕಾಯ್ದೆಯ ಕಣ್ಣಿಗೆ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು 2018ರ ಫೆಬ್ರುವರಿ 6ರಂದು ಸುಪ್ರೀಂ ಕೋರ್ಟ್ ಹೇಳಿತು. ಖಾಲಿ ಫಾರಂಗಳಿಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಡುವ ರೂಢಿ ಎಷ್ಟು ಅಪಾಯದ್ದೆಂದು ಇದರಿಂದ ತಿಳಿಯುತ್ತದೆ.

ಹಳೆಯ ವಾಹನ ವ್ಯಾಪಾರಿಗಳಿಗೆ 2023ರ ಏಪ್ರಿಲ್ 1ರಿಂದ ಬೇರೆಯೇ ನಿಯಮವಿದೆ. ಅವರು ನೋಂದಣಿ ಪ್ರಾಧಿಕಾರದಿಂದ ಅಧಿಕೃತತೆಯ ಪ್ರಮಾಣಪತ್ರ ಪಡೆಯಬೇಕು. ಮಾಲೀಕರು ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ತಿಳಿಸಿದ ಮೇಲೆ ಗಾಡಿಯ ಹೊಣೆ ವ್ಯಾಪಾರಿಯದು. ಅಂಗಡಿಗೆ ಹೋದಾಗ ಆ ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಹಣ ಕೊಡುವ ಕ್ರಮ

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಹಳೆಯ ಗಾಡಿ ವ್ಯಾಪಾರಕ್ಕೆ ಚೆನ್ನಾಗಿ ಒಪ್ಪುತ್ತದೆ. ಟೋಕನ್ ಅಡ್ವಾನ್ಸ್‌ಗೂ ರಸೀದಿ ಪಡೆಯಿರಿ. ಛಾಪಾ ಕಾಗದದ ಕರಾರಿನಲ್ಲಿ ಎಂಜಿನ್ ಮತ್ತು ಚಾಸಿಸ್ ಸಂಖ್ಯೆ, ಓಡಿದ ಕಿಲೋಮೀಟರ್, ಒಳಗಿನ ಫ್ರಿಜ್, ಬ್ಯಾಟರಿ, ಇನ್ವರ್ಟರ್, ಗ್ಯಾಸ್ ಒಲೆಗಳ ಪಟ್ಟಿ ಇರಲಿ. ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜತೆ ಗಂಟೆಯನ್ನೂ ಬರೆಸಿ. ಆ ದಿನ ಅಪಘಾತವೋ ದಂಡವೋ ಆದರೆ ಯಾರ ಕೈಯಲ್ಲಿದ್ದಾಗ ಎಂಬುದಕ್ಕೆ ಅದೇ ಸಾಕ್ಷಿ. ಹಣ ಬ್ಯಾಂಕ್ ಮೂಲಕವೇ ಹೋಗಲಿ. 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಆನ್‌ಲೈನ್ ಅರ್ಜಿಗೆ ಆರ್‌ಸಿಯ ಜತೆ ಜೋಡಿಸಿದ ಮೊಬೈಲ್‌ನ ಒಟಿಪಿ ಬೇಕಾಗುವುದರಿಂದ ಮಾರುವವರ ಸಂಖ್ಯೆ ಚಾಲ್ತಿಯಲ್ಲಿದೆಯೇ ನೋಡಿ. ದೊಡ್ಡ ಕಂತನ್ನು ವರ್ಗಾವಣೆ ಅರ್ಜಿ ಸ್ವೀಕೃತವಾದ ಮೇಲೆ ಕೊಡಿ.

ವಿಮೆ ತಾನಾಗಿ ಬರುವುದಿಲ್ಲ

ಮೋಟಾರು ವಾಹನ ಕಾಯ್ದೆಯ 157ನೇ ಕಲಂ ಪ್ರಕಾರ ಮೂರನೇ ವ್ಯಕ್ತಿಗೆ ಆಗುವ ಹಾನಿಯ ವಿಮೆ ಗಾಡಿಯೊಂದಿಗೇ ವರ್ಗವಾಗುತ್ತದೆ. ನಿಮ್ಮ ಗಾಡಿಗೇ ಆಗುವ ಹಾನಿಯ ವಿಮೆಗೆ ಇದು ಅನ್ವಯಿಸದು ಎಂದು 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಿ. ಒಳಗಿನ ಅಳವಡಿಕೆಗಳನ್ನೂ ತಿಳಿಸಿ, ಮೌಲ್ಯಕ್ಕೆ ಸೇರಿಸಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರದ್ದೇ, ನಿಮಗೆ ಬರುವುದಿಲ್ಲ.

ಮೋಸವಾದರೆ ಎಲ್ಲಿಗೆ?

ವ್ಯಾಪಾರಿಯಿಂದ ಕೊಂಡಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಗಾಡಿ ಬೆಂಗಳೂರಿನಲ್ಲಿ ಕೊಂಡಿದ್ದರೂ ದೂರುದಾರರ ವಾಸಸ್ಥಳದ ಆಯೋಗಕ್ಕೆ ಹೋಗಲು ಅವಕಾಶವಿದೆ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ; 5ರಿಂದ 10 ಲಕ್ಷಕ್ಕೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. ಕಾರಣ ಹುಟ್ಟಿದ 2 ವರ್ಷದೊಳಗೆ ದೂರು ಸಲ್ಲಬೇಕು. ಮೊದಲ ಹೆಜ್ಜೆಯಾಗಿ 1915 ಗ್ರಾಹಕ ಸಹಾಯವಾಣಿಗೂ ಕರೆ ಮಾಡಬಹುದು. ಬಾಡಿಗೆ ವ್ಯವಹಾರಕ್ಕೆಂದು ಕೊಂಡವರು ಈ ಕಾಯ್ದೆಯ ಗ್ರಾಹಕರಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆಂದು ಕೊಂಡಿದ್ದರೆ ಮಾತ್ರ ವಿನಾಯಿತಿ.

ವ್ಯಾಪಾರಿಯಲ್ಲದ, ತಮ್ಮ ಗಾಡಿ ಮಾರಿದ ವ್ಯಕ್ತಿಯ ಮೇಲೆ ಗ್ರಾಹಕ ದೂರು ಸಾಮಾನ್ಯವಾಗಿ ನಡೆಯದು. ಕರಾರು ಮುರಿದಿದ್ದಕ್ಕೆ ಸಿವಿಲ್ ದಾವೆ ಹೂಡಬೇಕು. ಸುಳ್ಳು ದಾಖಲೆ, ಕಳವಿನ ಗಾಡಿ, ಮೊದಲಿನಿಂದಲೇ ಮೋಸದ ಉದ್ದೇಶ ಇದ್ದರೆ ಪೊಲೀಸರಿಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅಡಿ ವಂಚನೆಯ ದೂರು ಕೊಡಿ.

ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ಕರಾರು, ಡೆಲಿವರಿ ನೋಟ್, ಬ್ಯಾಂಕ್ ಪಾವತಿ ವಿವರ, ವಾಟ್ಸ್‌ಆ್ಯಪ್ ಸಂದೇಶಗಳು ಕೈಯಲ್ಲಿರಲಿ. ವ್ಯಾಪಾರದ ದಿನ ಬರೆಸಿಕೊಂಡ ಕಾಗದವೇ ದೂರಿನ ದಿನ ನಿಮ್ಮ ಪರವಾಗಿ ಮಾತಾಡುವುದು.