ಅರವತ್ತಕ್ಕೆ ಅರಳು ಮರಳು ಅನ್ನುವ ಮೊದಲು



ವಯಸ್ಸಾದ ಅಮ್ಮ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ. ಅಪ್ಪ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಆಗ ನಾವು "ವಯಸ್ಸಾಯ್ತಲ್ಲ, ಅರವತ್ತಕ್ಕೆ ಅರಳು ಮರಳು" ಅಂತ ಸುಮ್ಮನಾಗುತ್ತೇವೆ. ಆದರೆ ಅವರು ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಾದರೆ ಹಾಗೆ ಸುಮ್ಮನಾಗಬಾರದು. ಮರೆವಿಗೆ ವಿಟಮಿನ್ ಬಿ12 ಕೊರತೆಯೂ ಕಾರಣವಾಗಿರಬಹುದು. ಇದನ್ನು ರಕ್ತ ಪರೀಕ್ಷೆಯಿಂದ ತಿಳಿಯಬಹುದು, ಚಿಕಿತ್ಸೆಯಿಂದ ನೀಗಿಸಬಹುದು.

ಬಿ12 ಯಾಕೆ ಬೇಕು?

ರಕ್ತದ ಕೆಂಪು ಕಣಗಳು ತಯಾರಾಗಲು ಇದು ಬೇಕು. ಕರೆಂಟಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವ ಹಾಗೆ ನಮ್ಮ ನರಗಳಿಗೂ ಹೊದಿಕೆ ಇದೆ. ಅದು ಚೆನ್ನಾಗಿರಲೂ ಬಿ12 ಬೇಕು. ದಿನಕ್ಕೆ ಬೇಕಾಗುವುದು ಸುಮಾರು 2 ಮೈಕ್ರೋಗ್ರಾಂ ಮಾತ್ರ, ಅಂದರೆ ಒಂದು ಗ್ರಾಮಿನ ಐದು ಲಕ್ಷದಲ್ಲಿ ಒಂದು ಪಾಲು! ಪಿತ್ತಜನಕಾಂಗದಲ್ಲಿ ಇದರ ದಾಸ್ತಾನು ವರ್ಷಗಟ್ಟಲೆ ಸಾಕಾಗುವಷ್ಟು ಇರುತ್ತದೆ. ಆದ್ದರಿಂದಲೇ ಕೊರತೆ ನಿಧಾನವಾಗಿ, ಗೊತ್ತಾಗದಂತೆ ಬರುತ್ತದೆ.

ಕೊರತೆ ಬರುವುದು ಹೇಗೆ?

1. ಸಕ್ಕರೆ ಕಾಯಿಲೆಗೆ ಹೆಚ್ಚಾಗಿ ಕೊಡುವ ಮಾತ್ರೆ ಮೆಟ್‌ಫಾರ್ಮಿನ್. ಇದು ಒಳ್ಳೆಯ ಔಷಧಿಯೇ. ಆದರೆ ಕರುಳು ಬಿ12 ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಡೋಸ್ ಹೆಚ್ಚಾದಷ್ಟೂ, ವರ್ಷ ಕಳೆದಷ್ಟೂ ಅಪಾಯ ಹೆಚ್ಚು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಇದನ್ನು 'ಸಾಮಾನ್ಯ ಅಡ್ಡ ಪರಿಣಾಮ' ಎಂದೇ ಘೋಷಿಸಿತು.

2. ವಯಸ್ಸಾದಂತೆ ಹಲವರ ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾಗುತ್ತದೆ. ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಆ ಆಮ್ಲ ಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸ್ಟ್ರಿಕ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಅದು ಇನ್ನೂ ಕಡಿಮೆ.

3. ಬಿ12 ಸಿಗುವುದು ಮೀನು, ಮಾಂಸ, ಮೊಟ್ಟೆ, ಹಾಲು, ಮೊಸರಿನಲ್ಲಿ. ಸೊಪ್ಪು, ಕಾಳು, ರಾಗಿ ಒಳ್ಳೆಯ ಆಹಾರವೇ ಆದರೂ ಅವುಗಳಲ್ಲಿ ಇದು ಸಿಗುವುದಿಲ್ಲ. ಬರೀ ಗಂಜಿ, ಉಪ್ಪಿನಕಾಯಿಯಲ್ಲಿ ದಿನ ಕಳೆಯುವ ಹಿರಿಯರು ನಮ್ಮಲ್ಲಿ ಎಷ್ಟಿಲ್ಲ?

ಗುರುತಿಸುವುದು ಹೇಗೆ?

ಸುಸ್ತು, ನಾಲಗೆ ಉರಿ, ಪಾದದಲ್ಲಿ ಜುಮು ಜುಮು, ಮರಗಟ್ಟುವುದು, ನಡೆಯುವಾಗ ಆಯ ತಪ್ಪುವುದು, ಮರೆವು, ಗೊಂದಲ, ಮಂಕು. ಪಾದದ ಜುಮು ಜುಮು ಸಕ್ಕರೆ ಕಾಯಿಲೆಯಿಂದಲೂ ಬರುತ್ತದೆ. "ಅದು ಶುಗರ್‌ದೇ" ಅಂತ ಬಿಟ್ಟುಬಿಡುವುದರಿಂದಲೇ ಬಿ12 ಕೊರತೆ ಪತ್ತೆಯಾಗದೆ ಉಳಿಯುತ್ತದೆ. ರಕ್ತಹೀನತೆ ಇಲ್ಲದಿದ್ದರೂ ನರಗಳಿಗೆ ಹಾನಿ ಆಗಬಹುದು. ತಡವಾದರೆ ಆ ಹಾನಿ ಪೂರ್ತಿ ಸರಿಹೋಗದೆಯೂ ಇರಬಹುದು.

ನಾವು ಮಾಡಬೇಕಾದದ್ದು

* ಹಿರಿಯರು ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನು ಡಾಕ್ಟರಿಗೆ ತೋರಿಸಿ, "ಬಿ12 ಪರೀಕ್ಷೆ ಬೇಕಾ?" ಅಂತ ಕೇಳಿ.
* ಮೆಟ್‌ಫಾರ್ಮಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಏರಿದರೆ ಮಿದುಳಿಗೂ ಕೆಡುಕು.
* ಕೊರತೆ ಇದ್ದರೆ ಇಂಜೆಕ್ಷನ್ ಅಥವಾ ಮಾತ್ರೆ ಕೊಡುತ್ತಾರೆ. ಸ್ವಲ್ಪ ಗುಣ ಕಂಡ ಕೂಡಲೇ ಬಿಡಬೇಡಿ.
* ಫೋಲಿಕ್ ಆಸಿಡ್ ಮಾತ್ರೆ ಒಂದನ್ನೇ ತೆಗೆದುಕೊಂಡರೆ ರಕ್ತ ಸುಧಾರಿಸಬಹುದು, ನರದ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ.
* ಇದ್ದಕ್ಕಿದ್ದಂತೆ ಗೊಂದಲ, ಬೆವರು, ನಡುಕ ಬಂದರೆ ಅದು ಸಕ್ಕರೆ ಇಳಿದ ಲಕ್ಷಣ ಇರಬಹುದು. ಎಚ್ಚರವಿದ್ದು ನುಂಗಲು ಆಗುವುದಾದರೆ ಕೂಡಲೇ ಸಕ್ಕರೆ ನೀರು ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ.

ಒಂದು ಮಾತು ನೆನಪಿರಲಿ. ಎಲ್ಲ ಮರೆವೂ ಬಿ12 ಕೊರತೆಯಿಂದ ಬರುವುದಲ್ಲ. ಮರೆವಿನ ಕಾಯಿಲೆಯೇ ಇದ್ದರೆ ಈ ವಿಟಮಿನ್ ಅದನ್ನು ಗುಣಪಡಿಸದು. ಆದರೆ ಗುಣವಾಗುವಂಥ ಕಾರಣ ಇದೆಯೋ ಇಲ್ಲವೋ ನೋಡದೆ ಹಿರಿಯರನ್ನು ಮೂಲೆಗೆ ಕೂರಿಸುವುದು ಅನ್ಯಾಯ.

ಸಭೆಯಲ್ಲಿ ಚರ್ಚಿಸಿ: ನಮ್ಮ ಮನೆಯ ಹಿರಿಯರು ಎಷ್ಟು ವರ್ಷದಿಂದ ಸಕ್ಕರೆ ಮಾತ್ರೆ ನುಂಗುತ್ತಿದ್ದಾರೆ? ನಿನ್ನೆ ಅವರು ಏನು ಊಟ ಮಾಡಿದರು?